ಲ್ಯೂಮೆನ್: ಪ್ರೊಜೆಕ್ಟರ್ ಪೆಟ್ಟಿಗೆಯ ಮೇಲಿನ ಆ ಸಂಖ್ಯೆಯ ಅರ್ಥವೇನು?

ಲ್ಯಾಟಿನ್ ಭಾಷೆಯಲ್ಲಿ ‘ಲ್ಯೂಮೆನ್’ ಎಂದರೆ ಬೆಳಕು. ಬೆಳಕು ಒಳಬರುವ ಕಿಂಡಿಗೂ ಅಲ್ಲಿ ಅದೇ ಹೆಸರು. ವಿಜ್ಞಾನ ಈ ಪದವನ್ನು ಎತ್ತಿಕೊಂಡು ಒಂದು ಅಳತೆಗೆ ಇಟ್ಟಿತು: ದೀಪವೊಂದರಿಂದ ಹೊರಬೀಳುವ, ಮನುಷ್ಯನ ಕಣ್ಣಿಗೆ ಕಾಣುವ ಒಟ್ಟು ಬೆಳಕು ಎಷ್ಟು ಎಂಬ ಅಳತೆ. ತರಗತಿಗೋ ಮೀಟಿಂಗ್ ಕೋಣೆಗೋ ಚೀಲದಲ್ಲಿ ಹಾಕಿಕೊಂಡು ಹೋಗುವಂಥ ಪುಟ್ಟ ಪ್ರೊಜೆಕ್ಟರ್ ಹುಡುಕುವವರಿಗೆ ಎಲ್ಲಕ್ಕಿಂತ ಮೊದಲು ಎದುರಾಗುವ ಪದವೂ ಇದೇ. ಪೆಟ್ಟಿಗೆಯ ಮೇಲೆ ಅತಿ ದೊಡ್ಡ ಅಕ್ಷರದಲ್ಲಿ ಅಚ್ಚಾಗುವ ಸಂಖ್ಯೆಯೂ ಇದೇ. ನನ್ನ ಅನುಭವದಲ್ಲಿ ಅತಿ ಹೆಚ್ಚು ಜನರನ್ನು ದಾರಿ ತಪ್ಪಿಸಿರುವುದೂ ಇದೇ.

‘ಕಣ್ಣಿಗೆ ಕಾಣುವ’ ಎಂಬ ಮಾತನ್ನು ಗಮನಿಸಿ. ಬಲ್ಬಿನ ಮೇಲೆ ಬರೆದಿರುವ ವ್ಯಾಟ್ ಎಷ್ಟು ವಿದ್ಯುತ್ ಖರ್ಚಾಗುತ್ತದೆ ಎಂದು ಹೇಳುತ್ತದೆ. ಲ್ಯೂಮೆನ್ ಕಣ್ಣಿನ ಪರವಾಗಿ ಮಾತಾಡುತ್ತದೆ. ನಮ್ಮ ಕಣ್ಣಿಗೆ ಸುಮಾರು 555 ನ್ಯಾನೋಮೀಟರ್ ತರಂಗಾಂತರದ ಹಸಿರು ಎಲ್ಲಕ್ಕಿಂತ ಪ್ರಖರವಾಗಿ ಕಾಣುತ್ತದೆ. ಅಷ್ಟೇ ಶಕ್ತಿಯ ಕಡುನೀಲಿ ಮಂಕಾಗಿ ಕಾಣುತ್ತದೆ. ಆ ಹಸಿರಿನ ಒಂದು ವ್ಯಾಟ್ ಬೆಳಕು 683 ಲ್ಯೂಮೆನ್ ಆದರೆ, ಕಣ್ಣಿಗೆ ಕಾಣದ ಅವಗೆಂಪು ಕಿರಣ ಎಷ್ಟೇ ಸುರಿದರೂ ಸೊನ್ನೆ. ಅಂದಾಜು ಸಿಗಲಿ ಎಂದು ಹೇಳುವುದಾದರೆ, ಒಂದು ಮೇಣದಬತ್ತಿ ಸುತ್ತಲೂ ಚೆಲ್ಲುವ ಬೆಳಕು ಒಟ್ಟು 12 ಲ್ಯೂಮೆನ್ ಆಸುಪಾಸು. ಹಳೆಯ 60 ವ್ಯಾಟಿನ ತಂತಿ ಬಲ್ಬು 700ರಿಂದ 800. ಹಾಗಾದರೆ 500 ಲ್ಯೂಮೆನ್‌ನ ಪ್ರೊಜೆಕ್ಟರು ಒಂದು ಮಾಮೂಲಿ ಬಲ್ಬಿಗಿಂತ ಕಡಿಮೆ ಬೆಳಕು ಕೊಡುತ್ತದೆ. ಅದು ತನ್ನಲ್ಲಿರುವುದನ್ನೆಲ್ಲ ಒಂದೇ ಗೋಡೆಗೆ ಒಪ್ಪಿಸುತ್ತದೆ, ಅಷ್ಟೇ ವ್ಯತ್ಯಾಸ.

ಗೋಡೆಗೆ ಬಿದ್ದ ಬೆಳಕಿಗೆ ಬೇರೆ ಹೆಸರಿದೆ: ಲಕ್ಸ್. ಒಂದು ಚದರ ಮೀಟರಿನಲ್ಲಿ ಒಂದು ಲ್ಯೂಮೆನ್ ಹರಡಿಕೊಂಡರೆ ಒಂದು ಲಕ್ಸ್. ನೋಡುವವರ ಕಣ್ಣಿಗೆ ತಲುಪುವ ಪ್ರಖರತೆಯನ್ನು ತೀರ್ಮಾನಿಸುವುದು ಈ ಲಕ್ಸ್. ಲ್ಯೂಮೆನ್ ಎಂಬುದು ಕೊಡದಲ್ಲಿರುವ ನೀರಾದರೆ ಲಕ್ಸ್ ಎಂಬುದು ಅದನ್ನು ನೆಲಕ್ಕೆ ಸುರಿದಾಗ ನಿಲ್ಲುವ ಆಳ. ನೆಲ ದೊಡ್ಡದಾದಷ್ಟೂ ಆಳ ಕಡಿಮೆ.

ಇಲ್ಲೊಂದು ಅನುಕೂಲದ ಸಂಗತಿಯಿದೆ, ನೆನಪಿಟ್ಟುಕೊಳ್ಳಿ. 16:9 ಅಳತೆಯ (ಅಗಲ 16 ಪಾಲು, ಎತ್ತರ 9 ಪಾಲು), ಮೂಲೆಯಿಂದ ಎದುರು ಮೂಲೆಗೆ 60 ಇಂಚಿನ ಚಿತ್ರದ ವಿಸ್ತೀರ್ಣ ಹೆಚ್ಚೂಕಡಿಮೆ ಸರಿಯಾಗಿ ಒಂದು ಚದರ ಮೀಟರ್. ಆದ್ದರಿಂದ 500 ಲ್ಯೂಮೆನ್ 60 ಇಂಚಿನ ಮೇಲೆ ಬಿದ್ದರೆ 500 ಲಕ್ಸ್. ಅದೇ ಯಂತ್ರವನ್ನು ಹಿಂದೆ ಸರಿಸಿ ಚಿತ್ರವನ್ನು 120 ಇಂಚಿಗೆ ಹಿಗ್ಗಿಸಿದಿರೋ, ವಿಸ್ತೀರ್ಣ ನಾಲ್ಕು ಪಟ್ಟಾಗಿ ಬೆಳಕು 125 ಲಕ್ಸ್‌ಗೆ ಇಳಿಯುತ್ತದೆ. ‘200 ಇಂಚಿನವರೆಗೆ ಚಿತ್ರ’ ಎಂದು ಬರೆದಿರುವುದು ಸುಳ್ಳಲ್ಲ. ಆದರೆ ಅಷ್ಟು ದೊಡ್ಡ ಚಿತ್ರದಲ್ಲಿ ಏನು ಉಳಿದಿರುತ್ತದೆ ಎಂದು ಅಲ್ಲಿ ಬರೆದಿರುವುದಿಲ್ಲ.

ನಾನು ಮೊದಲ ಸಲ ಇಂಥ ಪುಟ್ಟ ಪ್ರೊಜೆಕ್ಟರನ್ನು ತರಗತಿಗೆ ಒಯ್ದಾಗ ಅದರ ಪೆಟ್ಟಿಗೆಯ ಮೇಲೆ 6000 ಲ್ಯೂಮೆನ್ ಎಂದಿತ್ತು. ಹನ್ನೊಂದು ಗಂಟೆಯ ಹೊತ್ತು, ಒಂದು ಗೋಡೆಯ ತುಂಬ ಕಿಟಕಿಗಳು. ನಕ್ಷೆ ತೋರಿಸುತ್ತಾ ಪಾಠ ಮಾಡುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತು, “ಸರ್, ನದಿ ಎಲ್ಲಿದೆ?” ಎಂದು ಕೇಳಿದಳು. ನದಿಯ ನೀಲಿ ಗೆರೆ ನನ್ನ ಲ್ಯಾಪ್‌ಟಾಪಿನಲ್ಲಿ ಇತ್ತು, ಗೋಡೆಯ ಮೇಲೆ ಇರಲಿಲ್ಲ. ಆ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕುತ್ತಾ ಹೋದಾಗಲೇ ಲ್ಯೂಮೆನ್ ನನಗೆ ಅರ್ಥವಾಗುತ್ತಾ ಬಂದದ್ದು.

ಪ್ರೊಜೆಕ್ಟರಿಗೆ ಕಪ್ಪು ಬಣ್ಣ ಬರೆಯಲು ಬರುವುದಿಲ್ಲ. ಉತ್ತರದ ಮೊದಲ ಭಾಗ ಇದು, ನನ್ನ ಪ್ರಕಾರ ಇಡೀ ವಿಷಯದ ತಿರುಳೂ ಇದೇ. ಅದು ಬೆಳಕು ಎಸೆಯಬಲ್ಲದು, ಕತ್ತಲೆ ಎಸೆಯಲಾರದು. ಬಿಳಿ ಗೋಡೆಯ ಮೇಲೆ ಕಪ್ಪಾಗಿ ಕಾಣುವ ಅಕ್ಷರ ಅಂದರೆ ಪ್ರೊಜೆಕ್ಟರು ಬೆಳಕು ಬೀಳಿಸದೆ ಬಿಟ್ಟ ಜಾಗ. ಆ ಜಾಗದಲ್ಲಿ ಕೋಣೆಯ ಬೆಳಕು ಎಷ್ಟಿದೆಯೋ ಅಷ್ಟೇ ಅಕ್ಷರದ ‘ಕಪ್ಪು’. ಕೋಣೆಯ ದೀಪವೋ ಕಿಟಕಿಯೋ ಗೋಡೆಗೆ 100 ಲಕ್ಸ್ ಬೆಳಕು ಕೊಡುತ್ತಿದೆ ಎನ್ನಿ. 120 ಇಂಚಿಗೆ ಹಿಗ್ಗಿಸಿದ ಆ 500 ಲ್ಯೂಮೆನ್ ಯಂತ್ರದ ಬಿಳಿ ಜಾಗದಲ್ಲಿ 225 ಲಕ್ಸ್, ‘ಕಪ್ಪು’ ಜಾಗದಲ್ಲಿ 100. ಎರಡಕ್ಕೂ ನಡುವೆ ಎರಡು ಪಟ್ಟಿನ ಅಂತರವಷ್ಟೇ. ಅಕ್ಷರ ಬೂದಿಯ ಮೇಲೆ ಬೂದಿಯಲ್ಲಿ ಬರೆದಂತೆ ಕಾಣುತ್ತದೆ. ಅದನ್ನೇ 60 ಇಂಚಿಗೆ ತಂದರೆ 600ಕ್ಕೆ 100, ಅಂದರೆ ಆರು ಪಟ್ಟು. ಅಕ್ಷರ ಹೇಗೋ ಓದಲು ಬರುತ್ತದೆ.

ಎಷ್ಟು ಪಟ್ಟು ಸಾಕು? ಈ ಕ್ಷೇತ್ರದವರ ಸಂಘಟನೆಯಾದ ಇನ್ಫೋಕಾಮ್ (ಈಗಿನ ಹೆಸರು ಅವಿಕ್ಸಾ) 2011ರಲ್ಲಿ ಒಂದು ಮಾನದಂಡ ಗೊತ್ತುಮಾಡಿದೆ. ಸುಮ್ಮನೆ ನೋಡಿ ವಿಷಯ ತಿಳಿದುಕೊಳ್ಳಲು 7 ಪಟ್ಟು. ಸ್ಲೈಡಿನ ಅಕ್ಷರ, ಅಂಕಿ ಓದಿ ತೀರ್ಮಾನಕ್ಕೆ ಬರಲು 15. ಸೂಕ್ಷ್ಮ ನಕಾಶೆ, ವೈದ್ಯಕೀಯ ಚಿತ್ರಗಳ ಪರಿಶೀಲನೆಗೆ 50. ಸಿನಿಮಾದಂಥ ವೀಡಿಯೊಗೆ 80. ಪಾಠಕ್ಕೂ ಮೀಟಿಂಗಿಗೂ ನಾನು 15ನ್ನೇ ಗುರಿಯಾಗಿ ಇಟ್ಟುಕೊಳ್ಳುತ್ತೇನೆ.

ಇದರಿಂದ ಒಂದು ಸರಳ ಲೆಕ್ಕ ಸಿಗುತ್ತದೆ. ಬೇಕಾದ ಪಟ್ಟಿನಲ್ಲಿ ಒಂದು ಕಳೆಯಿರಿ, ಗೋಡೆಯ ಮೇಲಿರುವ ಕೋಣೆಯ ಬೆಳಕಿನಿಂದ (ಲಕ್ಸ್) ಗುಣಿಸಿ, ಚಿತ್ರದ ವಿಸ್ತೀರ್ಣದಿಂದ ಗುಣಿಸಿ. 80 ಇಂಚಿನ ಚಿತ್ರ 1.76 ಚದರ ಮೀಟರ್. ಗೋಡೆಯ ಮೇಲೆ 40 ಲಕ್ಸ್ ಇದ್ದರೆ 14 × 40 × 1.76, ಸುಮಾರು 985 ಲ್ಯೂಮೆನ್ ಬೇಕು. ಮುಂದಿನ ಸಾಲಿನ ದೀಪ ಆರಿಸಿ, ಕಿಟಕಿಯ ಕರ್ಟನ್ ಎಳೆದು ಅದನ್ನು 10 ಲಕ್ಸ್‌ಗೆ ಇಳಿಸಿದರೆ ಸುಮಾರು 250 ಸಾಕು. ಏನೂ ಮುಚ್ಚದೆ 150 ಲಕ್ಸ್ ಇದ್ದಲ್ಲಿ ಸುಮಾರು 3700 ಬೇಕಾಗುತ್ತದೆ. ಬ್ಯಾಟರಿಯಲ್ಲಿ ನಡೆಯುವ ಅಂಗೈಯಗಲದ ಯಂತ್ರದಿಂದ ಅಷ್ಟನ್ನು ಕೇಳುವುದು ಅನ್ಯಾಯ. ಒಂದು ಕರ್ಟನ್ ಮಾಡುವ ಕೆಲಸವನ್ನು ಸಾವಿರಾರು ಲ್ಯೂಮೆನ್‌ಗಳಿಂದ ಮಾಡಿಸಲು ಹೊರಟಂತೆ ಅದು. ಆದ್ದರಿಂದ ಯಾರಾದರೂ ಯಾವ ಪ್ರೊಜೆಕ್ಟರ್ ಕೊಳ್ಳಲಿ ಎಂದು ಕೇಳಿದರೆ, ನಾನು ಮೊದಲು ಕೇಳುವುದು ಕೋಣೆಯ ಕಿಟಕಿಗಳ ಬಗ್ಗೆ. ಗೋಡೆಯ ಬೆಳಕನ್ನು ಅಂದಾಜು ಅಳೆಯಲು ಹಲವು ಫೋನ್‌ಗಳಲ್ಲಿ ಲಕ್ಸ್ ಮೀಟರ್ ಆ್ಯಪ್ ಹಾಕಿಕೊಳ್ಳಬಹುದು. ಚಿತ್ರ ಬೀಳುವ ಜಾಗದಲ್ಲಿ ಫೋನಿನ ಬೆನ್ನನ್ನು ಗೋಡೆಗೆ ಆನಿಸಿ, ಮುಖವನ್ನು ಕೋಣೆಯತ್ತ ಇಟ್ಟು ನೋಡಿ. ಕರಾರುವಾಕ್ಕಾದ ಅಳತೆ ಅಲ್ಲದಿದ್ದರೂ 40ಕ್ಕೂ 150ಕ್ಕೂ ಇರುವ ವ್ಯತ್ಯಾಸವನ್ನು ಅದು ಚೆನ್ನಾಗಿಯೇ ಹೇಳುತ್ತದೆ.

ಇನ್ನು ಆ 6000ದ ಮಾತು. ಲ್ಯೂಮೆನ್ ಎಂಬ ಒಂದೇ ಪದದ ಹಿಂದೆ ಬೇರೆ ಬೇರೆ ಅಳತೆಗಳು ಅಡಗಿರುತ್ತವೆ. ನಂಬಬಹುದಾದದ್ದು ‘ಆನ್ಸಿ ಲ್ಯೂಮೆನ್’. ಅಮೆರಿಕದ ರಾಷ್ಟ್ರೀಯ ಮಾನದಂಡ ಸಂಸ್ಥೆಯ 1992ರ ಕ್ರಮ ಅದು: ಪೂರ್ತಿ ಬಿಳಿ ಚಿತ್ರ ಬಿಟ್ಟು, ಅದನ್ನು ಒಂಬತ್ತು ಸಮಭಾಗ ಮಾಡಿ, ಪ್ರತಿ ಭಾಗದ ನಡುವೆ ಲಕ್ಸ್ ಅಳೆದು, ಸರಾಸರಿಯನ್ನು ವಿಸ್ತೀರ್ಣದಿಂದ ಗುಣಿಸುವುದು. ಮಧ್ಯದಲ್ಲಿ ಪ್ರಖರ, ಮೂಲೆಗಳಲ್ಲಿ ಮಂಕು ಇರುವ ಯಂತ್ರ ಇಲ್ಲಿ ತಪ್ಪಿಸಿಕೊಳ್ಳಲಾರದು. ‘ಐಎಸ್‌ಒ ಲ್ಯೂಮೆನ್’ ಎಂದು ಬರೆದಿದ್ದರೆ ಅದು ಐಎಸ್‌ಒ 21118 ಎಂಬ ಅಂತರರಾಷ್ಟ್ರೀಯ ಮಾನದಂಡದ್ದು; ಅದನ್ನೂ ನಂಬಬಹುದು.

‘ಬೆಳಕಿನ ಮೂಲದ ಲ್ಯೂಮೆನ್’ ಎಂದಿದ್ದರೆ ಎಚ್ಚರ. ಅದು ಒಳಗಿನ ದೀಪದ ಬಳಿ ಅಳೆದದ್ದು. ಕನ್ನಡಿ, ಚಿತ್ರ ಮೂಡಿಸುವ ಪ್ಯಾನೆಲ್, ಲೆನ್ಸ್ ದಾಟಿ ಹೊರಬರುವಷ್ಟರಲ್ಲಿ ಅದರ ಬಹುಪಾಲು ಸೋರಿಹೋಗಿರುತ್ತದೆ. ‘ಎಲ್‌ಇಡಿ ಲ್ಯೂಮೆನ್’ ಎಂಬುದು ಇನ್ನೊಂದು. ಎಲ್‌ಇಡಿಯ ದಟ್ಟ ಬಣ್ಣಗಳು ಕಣ್ಣಿಗೆ ಅಳತೆಗಿಂತ ಹೆಚ್ಚು ಪ್ರಖರವಾಗಿ ತೋರುತ್ತವೆ. ಹೆಲ್ಮ್‌ಹೋಲ್ಟ್ಸ್–ಕೋಲ್‌ರಾಷ್ ಪರಿಣಾಮ ಎಂದು ಅದಕ್ಕೆ ಹೆಸರು. ಪರಿಣಾಮ ನಿಜ. ಅದರ ನೆಪದಲ್ಲಿ ಅಳತೆಯನ್ನು ತಮಗೆ ಬೇಕಾದಷ್ಟರಿಂದ ಗುಣಿಸಿ ಅಚ್ಚು ಹಾಕುವುದು ಮಾತ್ರ ಸರಿಯಲ್ಲ. ಕಪ್ಪು ಬಿಳುಪಿನ ಅಕ್ಷರಗಳೇ ತುಂಬಿರುವ ಸ್ಲೈಡಿಗಂತೂ ಆ ಹೆಚ್ಚಳದಿಂದ ಏನೂ ದಕ್ಕುವುದಿಲ್ಲ. ಪೆಟ್ಟಿಗೆಯ ಮೇಲೆ ಯಾವ ವಿಶೇಷಣವೂ ಇಲ್ಲದೆ ಬರೀ ‘ಲ್ಯೂಮೆನ್’ ಎಂದು ಸಾವಿರಗಟ್ಟಲೆ ಬರೆದಿದ್ದರೆ, ನಾನು ಅದನ್ನು ಸಂಖ್ಯೆ ಎಂದು ಪರಿಗಣಿಸುವುದನ್ನೇ ಬಿಟ್ಟಿದ್ದೇನೆ.

ನದಿಯ ನೀಲಿ ಗೆರೆ ಕಾಣದ್ದಕ್ಕೆ ಇನ್ನೂ ಒಂದು ಕಾರಣವಿತ್ತು. ಆನ್ಸಿ ಅಳತೆ ಬಿಳಿ ಬೆಳಕಿನದ್ದು. ಪುಟ್ಟ ಕನ್ನಡಿಗಳ ಒಂದೇ ಚಿಪ್ಪಿನಿಂದ ಚಿತ್ರ ಮೂಡಿಸುವ ಡಿಎಲ್‌ಪಿ ಪ್ರೊಜೆಕ್ಟರುಗಳಲ್ಲಿ ಕೆಂಪು, ಹಸಿರು, ನೀಲಿ ಬಣ್ಣಗಳನ್ನು ಒಂದಾದ ಮೇಲೊಂದರಂತೆ ತೋರಿಸುತ್ತಾರೆ. ಹಲವು ಮಾದರಿಗಳ ಬಣ್ಣದ ಚಕ್ರದಲ್ಲಿ ಬಿಳಿಗೆಂದೇ ಒಂದು ಪಾಲು ಇರುತ್ತದೆ. ಬಿಳಿಯ ಅಳತೆ ಅದರಿಂದ ಏರುತ್ತದೆ, ಬಣ್ಣಗಳು ಹಿಂದೆ ಉಳಿಯುತ್ತವೆ. ಮೂರು ಎಲ್‌ಸಿಡಿ ಪ್ಯಾನೆಲ್‌ಗಳಿರುವ ಯಂತ್ರಗಳಲ್ಲಿ ಈ ತೊಂದರೆ ಇಲ್ಲ. ನಕ್ಷೆ, ಜೀವಕೋಶದ ಚಿತ್ರ, ಬಣ್ಣದ ಗ್ರಾಫು ತೋರಿಸುವವರು ಬಣ್ಣದ ಪ್ರಖರತೆಯನ್ನು ಬೇರೆಯಾಗಿ ಕೊಟ್ಟಿದ್ದಾರೆಯೇ ಎಂದು ನೋಡಬೇಕು.

ಅಂಗಡಿಯಲ್ಲಿ 450ಕ್ಕೂ 500ಕ್ಕೂ ನಡುವೆ ತಲೆ ಕೆಡಿಸಿಕೊಳ್ಳಬೇಡಿ. ಚಿತ್ರ ಎರಡು ಪಟ್ಟು ಪ್ರಖರ ಎನ್ನಿಸಬೇಕಾದರೆ ಸರಿಸುಮಾರು ಎಂಟು ಪಟ್ಟು ಬೆಳಕು ಬೇಕಾಗುತ್ತದೆ, ನಮ್ಮ ಕಣ್ಣಿನ ಸ್ವಭಾವ ಹಾಗಿದೆ. ಹತ್ತು ಪ್ರತಿಶತದ ಅಂತರ ಗೋಡೆಯ ಮೇಲೆ ಗೊತ್ತೇ ಆಗುವುದಿಲ್ಲ. ಆ ಹಣವನ್ನು ಫ್ಯಾನಿನ ಸದ್ದು ಕಡಿಮೆಯಿರುವ ಮಾದರಿಗೆ ಕೊಡಿ. ಪುಟ್ಟ ಮೀಟಿಂಗ್ ಕೋಣೆಯಲ್ಲಿ ಮೇಜಿನ ನಡುವೆ ಗುಂಯ್‌ಗುಡುವ ಯಂತ್ರ ಮಾತನ್ನೇ ನುಂಗಿಬಿಡುತ್ತದೆ.

ಹೊತ್ತೊಯ್ಯುವ ಯಂತ್ರಗಳಿಗೇ ವಿಶೇಷವಾದ ಎರಡು ಸೋರಿಕೆಗಳಿವೆ. ಒಂದು, ಬ್ಯಾಟರಿ. ಬರೆದಿರುವ ಲ್ಯೂಮೆನ್ ಸಾಮಾನ್ಯವಾಗಿ ಕರೆಂಟಿಗೆ ಚುಚ್ಚಿದಾಗಿನದು. ಬ್ಯಾಟರಿಗೆ ಬದಲಾದೊಡನೆ ಹಲವು ಮಾದರಿಗಳು ತಾವಾಗಿಯೇ ಬೆಳಕು ತಗ್ಗಿಸುತ್ತವೆ. ಎರಡನೆಯದು ಕೀಸ್ಟೋನ್. ಯಂತ್ರವನ್ನು ಓರೆಯಾಗಿ ಇಟ್ಟಾಗ ಚಿತ್ರ ಮೇಲೆ ಅಗಲ, ಕೆಳಗೆ ಕಿರಿದಾಗುತ್ತದಲ್ಲ, ಅದನ್ನು ತಾನೇ ನೇರ ಮಾಡುವ ಸೌಲಭ್ಯ ಅದು. ಇದು ಚಿತ್ರವನ್ನು ಪ್ಯಾನೆಲ್ಲಿನ ಒಳಗೇ ಕುಗ್ಗಿಸಿ ನೇರ ಮಾಡುತ್ತದೆ. ಅಂಚಿನ ಪಿಕ್ಸೆಲ್‌ಗಳು ಖಾಲಿ ಕೂರುತ್ತವೆ, ಅವುಗಳ ಪಾಲಿನ ಬೆಳಕೂ ಸ್ಪಷ್ಟತೆಯೂ ನಷ್ಟ. ಓರೆ ಹೆಚ್ಚಿದಷ್ಟೂ ನಷ್ಟ ಹೆಚ್ಚು. ಹಾಗಾಗಿ ಯಂತ್ರವನ್ನು ಗೋಡೆಗೆ ನೇರ ಎದುರಾಗಿ ಇಡಲು ಜಾಗವಿದೆಯೇ ಎಂದು ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು. ಅದಕ್ಕೆ ‘ಥ್ರೋ ಅನುಪಾತ’ ಎಂಬ ಸಂಖ್ಯೆ ನೆರವಾಗುತ್ತದೆ: 1.2 ಎಂದಿದ್ದರೆ, ಒಂದು ಮೀಟರ್ ಅಗಲದ ಚಿತ್ರಕ್ಕೆ 1.2 ಮೀಟರ್ ದೂರ. 80 ಇಂಚಿನ ಚಿತ್ರ 1.77 ಮೀಟರ್ ಅಗಲ. ಅಂದರೆ ಗೋಡೆಯಿಂದ ಸುಮಾರು 2.1 ಮೀಟರ್ ಹಿಂದೆ ಒಂದು ಮೇಜು ಬೇಕು. ತರಗತಿಯಲ್ಲಿ ಆ ಜಾಗದಲ್ಲಿ ಮೊದಲ ಬೆಂಚಿನ ಮಕ್ಕಳು ಕೂತಿರುತ್ತಾರೆ. ಅವರ ತಲೆಯ ನೆರಳು ಚಿತ್ರದ ಮೇಲೂ, ಲೆನ್ಸಿನ ಬೆಳಕು ಅವರ ಕಣ್ಣಿಗೂ ಬೀಳದ ಎತ್ತರದಲ್ಲಿ ಆ ಮೇಜು ಇರಬೇಕು.