ಯೂನಿಯನ್ ಸೇರಿದ್ದಕ್ಕೆ ಕೆಲಸ ಹೋದರೆ

ಯೂನಿಯನ್ ಸೇರಿದ್ದಕ್ಕೆ ತೆಗೆದಿದ್ದೇವೆ ಎಂದು ಯಾವ ಕಂಪನಿಯೂ ಬರೆದು ಕೊಡುವುದಿಲ್ಲ. ಕಾರ್ಮಿಕರು ನನ್ನ ಬಳಿ ತರುವ ಪತ್ರಗಳಲ್ಲಿ ಬೇರೆಯೇ ಕಾರಣ ಇರುತ್ತದೆ. ಸೂಪರ್‌ವೈಸರ್‌ಗೆ ಎದುರು ಮಾತಾಡಿದರು, ಪ್ರೊಡಕ್ಷನ್ ಕಮ್ಮಿ ಮಾಡಿದರು, ಹೇಳದೆ ರಜೆ ಹಾಕಿದರು. ಹಾಗಾಗಿ ಇಂಥ ಕೇಸು ನಿಲ್ಲುವುದು ತಾರೀಖುಗಳ ಮೇಲೆ. ಯೂನಿಯನ್ ಪದಾಧಿಕಾರಿಗಳ ಪಟ್ಟಿ ಕಂಪನಿಗೆ ತಲುಪಿದ್ದು ಯಾವತ್ತು? ಮೊದಲ ಮೆಮೊ ಬಂದಿದ್ದು ಯಾವತ್ತು? ವರ್ಷಗಟ್ಟಲೆ ಒಂದೂ ಮೆಮೊ ಇಲ್ಲದವರಿಗೆ ಪಟ್ಟಿ ತಲುಪಿದ ತಿಂಗಳಲ್ಲೇ ಸಾಲಾಗಿ ಮೆಮೊ ಬಂದಿದ್ದರೆ, ಅದು ಗಟ್ಟಿ ಸಾಕ್ಷಿ. ಅದೇ ತಪ್ಪಿಗೆ ಯೂನಿಯನ್‌ನಲ್ಲಿ ಇಲ್ಲದವರನ್ನು ಸುಮ್ನೆ ಬಿಟ್ಟಿದ್ದರೆ ಅದನ್ನೂ ಬರೆದಿಡಿ.

ಎಚ್‌ಆರ್ ಕರೆದು ರಾಜೀನಾಮೆ ಕೇಳಿದರೆ ದಯವಿಟ್ಟು ಸಹಿ ಹಾಕಬೇಡಿ. ಆಮೇಲೆ ಬಲವಂತ ಮಾಡಿದರು ಎಂದು ಸಾಬೀತು ಮಾಡುವ ಹೊರೆ ನಿಮ್ಮದೇ ಆಗುತ್ತದೆ. ಗೇಟಿನಲ್ಲಿ ತಡೆದರೆ ಸುಮ್ಮನೆ ಮನೆಗೆ ಹೋಗಬೇಡಿ. ಕೆಲಸಕ್ಕೆ ಬಂದೆ, ಒಳಗೆ ಬಿಡಲಿಲ್ಲ, ಈಗಲೂ ಕೆಲಸಕ್ಕೆ ಸಿದ್ಧ ಎಂದು ಅದೇ ದಿನ ಸ್ಪೀಡ್ ಪೋಸ್ಟ್ ಮಾಡಿ. ಇಲ್ಲದಿದ್ದರೆ ‘ತಾನೇ ಕೆಲಸ ಬಿಟ್ಟ’ ಎನ್ನುತ್ತಾರೆ. ಆಂತರಿಕ ವಿಚಾರಣೆಗೆ ಕರೆದರೆ ತಪ್ಪದೆ ಹೋಗಿ. ಹೋಗದಿದ್ದರೆ ಅವರು ಹೇಳಿದ್ದೇ ದಾಖಲೆಯಾಗುತ್ತದೆ.

2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಎಂಬ ಹೊಸ ಕಾನೂನು ಜಾರಿಯಲ್ಲಿದೆ. ಯೂನಿಯನ್ ಚಟುವಟಿಕೆಗಾಗಿ ವಜಾ ಮಾಡುವುದು ಅದರ ಪ್ರಕಾರವೂ ಅನುಚಿತ ಕಾರ್ಮಿಕ ಪದ್ಧತಿ. ಕಂಪನಿಗೆ 10,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಆದರೆ ನಿಮಗೆ ಬೇಕಿರುವುದು ಕೆಲಸ ಅಲ್ವಾ? ಅದಕ್ಕೆ ಲೇಬರ್ ಆಫೀಸಿನ ಸಂಧಾನಾಧಿಕಾರಿಗೆ ಅರ್ಜಿ ಕೊಡಬೇಕು. ವಜಾ ವಿಷಯದಲ್ಲಿ ಒಬ್ಬರೇ ಹೋಗಬಹುದು, ಯೂನಿಯನ್ ಜೊತೆಗೆ ಬರಲೇಬೇಕೆಂದಿಲ್ಲ. ಇದಕ್ಕೆ ಹಳೆಯ ಕಾನೂನಿನಲ್ಲಿದ್ದ ಮೂರು ವರ್ಷದ ಗಡುವು ಈಗ ಎರಡು ವರ್ಷಕ್ಕೆ ಇಳಿದಿದೆ. ನನ್ನ ಮಾತು ಕೇಳುವುದಾದರೆ ಎರಡು ತಿಂಗಳೂ ಕಾಯಬೇಡಿ. ಸಾಕ್ಷಿ ಹೇಳಬೇಕಾದವರು ಅಷ್ಟರಲ್ಲೇ ಹೆದರಿ ಹಿಂದೆ ಸರಿಯುತ್ತಾರೆ. ಸಂಧಾನ ಮುರಿದುಬಿದ್ದರೆ ನ್ಯಾಯಮಂಡಳಿಗೆ ಹೋಗಲು 90 ದಿನ ಮಾತ್ರ.

ವಜಾ ತಪ್ಪು ಎಂದಾದರೆ ಕೆಲಸ ವಾಪಸ್ ಸಿಗಬಹುದು, ಸೇವೆ ಮುರಿಯದಂತೆ ಆದೇಶ ಆಗಬಹುದು. ಅಂಥ ಕಡೆ ಬಾಕಿ ಸಂಬಳ ಕೊಡಿಸುವುದೇ ಸಾಮಾನ್ಯ ನಿಯಮ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಬೇರೆ ಸಂಪಾದನೆ ಇರಲಿಲ್ಲ ಎಂದು ಮೊದಲು ನೀವು ಹೇಳಬೇಕು. ಇತ್ತು ಎಂದು ತೋರಿಸುವ ಹೊಣೆ ಆಮೇಲೆ ಕಂಪನಿಯದು. ಮನೆ ನಡೆಸಲು ನಡುವೆ ಸಣ್ಣಪುಟ್ಟ ಕೆಲಸ ಮಾಡಿದ್ದರೆ ಅದನ್ನು ನಿಮ್ಮ ವಕೀಲರಿಂದ ಮುಚ್ಚಿಡಬೇಡಿ.