ಡಾಕಿಂಗ್ ಮಾಡ್ಯೂಲ್ ಎಂದರೆ ಕೊಂಡಿಯಲ್ಲ, ಕೋಣೆ

2025ರ ಜನವರಿ 16ರಂದು ಇಸ್ರೊದ ಸ್ಪೇಡೆಕ್ಸ್ ಉಪಗ್ರಹಗಳೆರಡು ಕಕ್ಷೆಯಲ್ಲಿ ಕೂಡಿಕೊಂಡಾಗಿನಿಂದ, ಆ ಕೂಡಿಕೆಯನ್ನು ಹೇಳುವ ‘ಡಾಕಿಂಗ್’ ನಮ್ಮ ಬರಹಗಳಲ್ಲಿ ಸಲೀಸಾಗಿ ಓಡಾಡುತ್ತಿದೆ. ಸಂತೋಷವೇ. ಆದರೆ ಅದಕ್ಕೊಂದು ‘ಮಾಡ್ಯೂಲ್’ ಬಾಲ ಅಂಟಿಸಿ, ಆ ಉಪಗ್ರಹಗಳ ಮೂತಿಯಲ್ಲಿದ್ದ ಕೊಂಡಿಯನ್ನೇ ‘ಡಾಕಿಂಗ್ ಮಾಡ್ಯೂಲ್’ ಎನ್ನುವ ವಾಕ್ಯವನ್ನು ಇನ್ನೆಷ್ಟು ಸಲ ಓದಬೇಕೋ ತಿಳಿಯದು. ಕೊಂಡಿ ಬೇರೆ, ಕೊಂಡಿ ಕೂರಿಸಿದ ಬಾಗಿಲು ಬೇರೆ, ಬಾಗಿಲುಗಳಿರುವ ಕೋಣೆ ಬೇರೆ. ಬಾಹ್ಯಾಕಾಶ ನಿಲ್ದಾಣದ ಮಾತಿನಲ್ಲಿ ಮಾಡ್ಯೂಲ್ ಎಂದರೆ ಈ ಕೋಣೆ. ಸುಮಾರು 220 ಕಿಲೋ ತೂಕದ ಆ ಉಪಗ್ರಹಗಳಲ್ಲಿ ಮನುಷ್ಯ ಹೊಕ್ಕು ಹೊರಡುವ ಕೋಣೆ ಎಲ್ಲಿಂದ ಬರಬೇಕು?

ಪದದ ಬೇರು ಕೂಡ ಇದನ್ನೇ ಹೇಳುತ್ತದೆ. ಇಂಗ್ಲಿಷಿನ ‘ಡಾಕ್’ ಡಚ್ಚರ ಕಡೆಯಿಂದ 16ನೇ ಶತಮಾನದಲ್ಲಿ ಬಂದದ್ದು. ನಾವಿಕರ ಕಟ್ಟುನಿಟ್ಟಿನ ಬಳಕೆಯಲ್ಲಿ ಅದು ಹಡಗು ನಿಲ್ಲುವ ನೀರಿನ ಆವರಣ. ಹಗ್ಗ ಬಿಗಿಯುವ ಗೂಟವೂ ಅಲ್ಲ, ಇಳಿದು ನಡೆಯುವ ಕಟ್ಟೆಯೂ ಅಲ್ಲ. ಇಳಿತದ ಹೊತ್ತಿನಲ್ಲಿ ಕೆಸರಿನ ಮೇಲೆ ಕುಳಿತ ಹಡಗು ಒತ್ತಿದ ಕುಳಿಗೆ ಮೊದಲು ಆ ಹೆಸರಿತ್ತು ಎಂಬ ವಿವರಣೆಯೂ ಇದೆ. (ನ್ಯಾಯಾಲಯದ ಕಟಕಟೆಯನ್ನು ಹೇಳುವ ‘ಡಾಕ್’ ಇದಕ್ಕೆ ನೆಂಟನಲ್ಲ. ಅದು ಪಂಜರ, ಗೂಡು ಎನ್ನುವ ಅರ್ಥದ ಫ್ಲೆಮಿಶ್ ಪದದಿಂದ ಬಂದದ್ದು.)

ಕೋಣೆ ನೋಡಬೇಕೆಂದರೆ ಸ್ಕೈಲ್ಯಾಬಿನದನ್ನು ನೋಡಬೇಕು. 1973ರ ಮೇ 14ರಂದು ಹಾರಿದ ಆ ಅಮೆರಿಕನ್ ನಿಲ್ದಾಣದ ತುದಿಯಲ್ಲಿ ಐದು ಮೀಟರಿಗಿಂತ ತುಸು ಉದ್ದ, ಮೂರು ಮೀಟರ್ ವ್ಯಾಸದ ಒಂದು ಉರುಳೆಯಾಕಾರದ ಕೋಣೆ ಇತ್ತು. ಹೆಸರು ಮಲ್ಟಿಪಲ್ ಡಾಕಿಂಗ್ ಅಡಾಪ್ಟರ್. ಇದರ ಒಡಲನ್ನು ಹಂಟ್ಸ್‌ವಿಲ್‌ನಲ್ಲಿರುವ ನಾಸಾದ ಮಾರ್ಷಲ್ ಕೇಂದ್ರ ಕಟ್ಟಿತು, ಒಳಗಿನ ಜೋಡಣೆ ಡೆನ್ವರ್‌ನ ಮಾರ್ಟಿನ್ ಮೇರಿಯೆಟಾ ಕಂಪನಿಯದು. ‘ಮಲ್ಟಿಪಲ್’, ಅಂದರೆ ಹಲವು, ಎಂದರೂ ಅದರಲ್ಲಿದ್ದದ್ದು ಎರಡೇ ಬಾಗಿಲು. ಇಂಧನ ತೀರಿದ ರಾಕೆಟ್ ಹಂತವನ್ನೇ ಕಕ್ಷೆಯಲ್ಲಿ ಮನೆ ಮಾಡಿಕೊಂಡು, ಉಳಿದ ಭಾಗಗಳನ್ನು ಆಮೇಲೆ ತಂದು ಒಂದೊಂದಾಗಿ ಸೇರಿಸುವುದು ಹಳೆಯ ಯೋಜನೆ. ಅದಕ್ಕೆ ಹಲವು ಬಾಗಿಲು ಬೇಕಿತ್ತು. ಎಲ್ಲವನ್ನೂ ನೆಲದಲ್ಲೇ ಸಜ್ಜುಗೊಳಿಸಿ ಒಂದೇ ಸ್ಯಾಟರ್ನ್-5 ರಾಕೆಟ್ಟಿನಲ್ಲಿ ಹಾರಿಸಲು 1969ರಲ್ಲಿ ನಾಸಾ ತೀರ್ಮಾನಿಸಿದ ಮೇಲೆ ಮೂತಿಯಲ್ಲೊಂದು, ಆಪತ್ತಿಗೆಂದು ಪಕ್ಕದಲ್ಲೊಂದು ಉಳಿದವು. ಹೆಸರು ಬದಲಾಗಲಿಲ್ಲ.

ಬಾಗಿಲು ಕಡಿಮೆಯಾದದ್ದರಿಂದ ಗೋಡೆ ಉಳಿಯಿತು. ಸೂರ್ಯನನ್ನು ನೋಡುವ ದೂರದರ್ಶಕಗಳ ನಿಯಂತ್ರಣ ಫಲಕ, ಭೂವೀಕ್ಷಣೆಯ ಉಪಕರಣಗಳು, ಲೋಹ ಕರಗಿಸುವ ಪುಟ್ಟ ಕುಲುಮೆ, ಎಲ್ಲವೂ ಅಲ್ಲಿಗೇ ಬಂದವು. ತೂಕವಿಲ್ಲದ ಕಡೆ ಮೇಲು ಕೆಳಗು ಏಕೆಂದು ಅವನ್ನು ಸುತ್ತಲೂ ಬೇಕಾದ ದಿಕ್ಕಿಗೆ ಕೂರಿಸಿದ್ದರು. ಯಾನಿಗಳಿಗೆ ಅದು ಹಿಡಿಸಲಿಲ್ಲ. ನೆಲ, ಚಾವಣಿ ಎಂದು ಗೊತ್ತುಮಾಡಿದ್ದ ವಾಸದ ಭಾಗವೇ ಅವರಿಗೆ ಹಿತವೆನಿಸಿತು.

ಇನ್ನು ‘ಡಾಕ್ ಆಯಿತು’ ಎಂಬ ಕ್ರಿಯಾಪದ. ಯಾವ ಹಂತ ಆಯಿತೆಂದು ಹೇಳದಿದ್ದರೆ ಆ ಮಾತಿಗೆ ಬೆಲೆಯಿಲ್ಲ. ಸ್ಕೈಲ್ಯಾಬಿಗೆ ಯಾನಿಗಳನ್ನು ಒಯ್ದ ಅಪೊಲೊ ನೌಕೆಯ ಮೂತಿಯ ಸರಳಿನ ತುದಿಯಲ್ಲಿ ಮೂರು ಪುಟ್ಟ ಚಿಲಕಗಳಿದ್ದವು. ಅವು ನಿಲ್ದಾಣದ ಬಾಗಿಲಲ್ಲಿದ್ದ ಆಲಿಕೆಯಂಥ ಕುಳಿಯೊಳಗೆ ಕಚ್ಚಿಕೊಂಡರೆ ಮೃದು ಡಾಕಿಂಗ್. ಸರಳು ಹಿಂದೆ ಸರಿದು, ನೌಕೆಯ ಮೂತಿಯ ಬಳೆಯ ಸುತ್ತಲಿನ ಹನ್ನೆರಡು ಚಿಲಕಗಳು ಬಿದ್ದರೆ ಬಿಗಿ ಡಾಕಿಂಗ್. ಬಾಗಿಲು ತೆರೆಯುವುದು ಆಮೇಲಿನ ಮಾತು. 1971ರ ಏಪ್ರಿಲ್‌ನಲ್ಲಿ ಸೋವಿಯತ್ ನೌಕೆ ಸೋಯುಜ್-10 ಅವರದೇ ನಿಲ್ದಾಣ ಸಲ್ಯೂತ್-1ರ ಮೂತಿಗೆ ಕಚ್ಚಿಕೊಂಡಿತು, ಬಿಗಿಯಾಗಲಿಲ್ಲ. ನೌಕೆಯಲ್ಲಿದ್ದ ಮೂವರೂ ನಿಲ್ದಾಣದೊಳಗೆ ಕಾಲಿಡದೆ ಹಿಂದಿರುಗಿದರು. ಇದನ್ನು ‘ಯಶಸ್ವಿ ಡಾಕಿಂಗ್’ ಎನ್ನುವವರೂ ಇದ್ದಾರೆ!

ಸ್ಕೈಲ್ಯಾಬಿಗೆ ಹೋದ ಮೊದಲ ತಂಡಕ್ಕೂ ಇದೇ ಕಾಟ. ಸಂಜೆ ಮೃದುವಾಗಿ ಕಚ್ಚಿದ್ದ ಸರಳು, ಬಿಡಿಸಿಕೊಂಡು ಮತ್ತೆ ಬಂದಾಗ ಎಷ್ಟು ಗುದ್ದಿದರೂ ಹಿಡಿಯಲಿಲ್ಲ. ಕಾನ್ರಾಡ್, ಕರ್ವಿನ್, ವೈಟ್ಜ್ ಮೂವರೂ ಬಾಹ್ಯಾಕಾಶ ಉಡುಪು ತೊಟ್ಟು, ನೌಕೆಯ ಗಾಳಿ ಹೊರಬಿಟ್ಟು, ಮುಂದಿನ ಮುಚ್ಚಳ ತೆಗೆದು ಸರಳಿನ ಹಿಂಬದಿಯನ್ನು ಬಿಚ್ಚಿದರು. ಕೆಲವು ತಂತಿಗಳನ್ನು ಬಳಸುದಾರಿಗೆ ಹಾಕಿದರು. ಬಳಿಕ ಕಾನ್ರಾಡ್ ನೌಕೆಯನ್ನು ನೇರವಾಗಿ ಬಾಗಿಲಿಗೆ ಒತ್ತಿ ಹಿಡಿದಾಗ ಹನ್ನೆರಡು ಚಿಲಕಗಳೂ ಬಿದ್ದವು. ಅಲ್ಲಿ ಮೃದು ಹಂತವೇ ಇರಲಿಲ್ಲ.