ಜೇಬಿನ ಪ್ಲೇಯರ್ ಅಂಗಡಿಯಿಂದ ಮರೆಯಾದದ್ದು ಹೇಗೆ

ಮುಂಬೈಯ ಲ್ಯಾಮಿಂಗ್ಟನ್ ರಸ್ತೆಯಲ್ಲೋ ಪುಣೆಯ ಬುಧವಾರ ಪೇಠೆಯಲ್ಲೋ ‘ಹಾಡು ಕೇಳುವುದಕ್ಕಷ್ಟೇ ಒಂದು ಸಣ್ಣ ಪ್ಲೇಯರ್ ಬೇಕು’ ಎಂದು ಕೇಳಿದರೆ ಮುಂದೆ ಬರುವುದು ಹೆಚ್ಚಾಗಿ ಎರಡೇ ಬಗೆ. ಒಂದು, ಒಂದೆರಡು ಸಾವಿರ ರೂಪಾಯಿಯ ಹೆಸರಿಲ್ಲದ ಮಾಲು. ಇನ್ನೊಂದು, ಆಂಡ್ರಾಯ್ಡ್ ತುಂಬಿದ ದುಬಾರಿ ಯಂತ್ರ. 2023ರಲ್ಲಿ ಸೋನಿ ಎನ್‌ಡಬ್ಲ್ಯು-ಎ306 ಬಂದಾಗ ಅದರ ಬೆಲೆ 25 ಸಾವಿರದ ಆಚೆ ಇತ್ತು. ಇವೆರಡರ ನಡುವಿನದು ಕೆಲವು ಚೀನೀ ಕಂಪನಿಗಳಲ್ಲಿದೆ, ಆದರೆ ಆನ್‌ಲೈನ್‌ನಲ್ಲಿ ಕಣ್ಣುಮುಚ್ಚಿ ತರಿಸಬೇಕು. ಅಂಥದನ್ನು ಕೈಯಲ್ಲಿ ಹಿಡಿದು, ಬಟನ್ ಒತ್ತಿ ನೋಡಿ ಕೊಳ್ಳುವ ಅವಕಾಶ ಹೋಗಿದೆ.

ಕೇಳುವವರು ಇಲ್ಲವಾಗಿಲ್ಲ. ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ ಮಂಗಳೂರಿಗೆ ಹೊರಡುವ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ರೋಹಾ ದಾಟಿತೆಂದರೆ ಕೊಂಕಣ ರೈಲ್ವೆಯ 91 ಸುರಂಗಗಳ ದಾರಿ, ಕರ್ಬುಡೆಯದೊಂದೇ 6.5 ಕಿ.ಮೀ. ನೆಟ್‌ವರ್ಕ್ ನಂಬಿದ ಹಾಡು ಅಲ್ಲಿ ಉಳಿಯುವುದಿಲ್ಲ. ಊರಿಗೆ ಹೋಗುವಾಗ ನಾಲ್ಕು ತಾಸಿನ ತಾಳಮದ್ದಳೆ ಕೇಳುವವರಿಗೆ, ಕಿಕ್ಕಿರಿದ ಲೋಕಲ್‌ನಲ್ಲಿ ಜೇಬಿನೊಳಗೇ ಬೆರಳಾಡಿಸಿ ಹಾಡು ಬದಲಿಸಬೇಕಾದವರಿಗೆ ಫೋನು ಪರ್ಯಾಯವೇ ಅಲ್ಲ.

ಆಯ್ಕೆ ಒಂದು ಕಾಲಕ್ಕೆ ಧಾರಾಳವಾಗಿತ್ತು. ಫಿಲಿಪ್ಸ್ 1963ರಲ್ಲಿ ತಂದ ಕ್ಯಾಸೆಟ್ಟನ್ನು ಪರವಾನಗಿ ಶುಲ್ಕವಿಲ್ಲದೆ ಇತರ ಕಂಪನಿಗಳಿಗೂ ಬಿಟ್ಟುಕೊಟ್ಟಿತು. ಹಾಗಾಗಿ 1979ರಲ್ಲಿ ಸೋನಿ ವಾಕ್‌ಮನ್ ಬಂದ ಬೆನ್ನಿಗೇ ಅದೇ ಕ್ಯಾಸೆಟ್ ನುಡಿಸುವ ಯಂತ್ರವನ್ನು ಯಾರು ಬೇಕಾದರೂ ಮಾಡಬಹುದಾಗಿತ್ತು. 1998ರಲ್ಲಿ ಎಂಪಿ3 ಪ್ಲೇಯರ್‌ಗಳು ಬಂದವು. ಡೈಮಂಡ್ ಕಂಪನಿಯ ರಿಯೊ ಪಿಎಂಪಿ300ರಲ್ಲಿ ಇದ್ದದ್ದು 32 ಎಂಬಿ, ಅಂದರೆ 128 ಕೆಬಿಪಿಎಸ್‌ನಲ್ಲಿ (ಸೆಕೆಂಡಿಗೆ 128 ಕಿಲೋಬಿಟ್) ಅರ್ಧ ತಾಸಿನ ಹಾಡು. 2001ರ ಐಪಾಡ್ 1.8 ಇಂಚಿನ ಹಾರ್ಡ್‌ಡಿಸ್ಕ್ ಬಳಸಿ 5 ಜಿಬಿ ಕೊಟ್ಟಿತು. ಮುಂದಿನ ಹತ್ತು ವರ್ಷ ಕ್ರಿಯೇಟಿವ್, ಐರಿವರ್, ಕೋವಾನ್, ಸ್ಯಾನ್‌ಡಿಸ್ಕ್ ಪೈಪೋಟಿಗೆ ನಿಂತವು. ಸ್ಯಾನ್‌ಡಿಸ್ಕ್‌ನ ಕ್ಲಿಪ್ ಪ್ಲಸ್ (2009) ಇವತ್ತಿಗೂ ಈ ವರ್ಗದ ಅಳತೆಗೋಲು ಎನ್ನಬೇಕು: ಅಂಗಿಗೆ ಸಿಕ್ಕಿಸಬಹುದಾದಷ್ಟು ಚಿಕ್ಕದು, ಬಟನ್ ಉಂಟು, ಮೈಕ್ರೊ ಎಸ್‌ಡಿ ಕಾರ್ಡಿಗೆ ಜಾಗವೂ ಉಂಟು.

ಇವುಗಳನ್ನು ಕೆಡವಿದ್ದು ಫೋನು, ಎರಡು ಹಂತಗಳಲ್ಲಿ. 2005ರಲ್ಲಿ ಸೋನಿ ಎರಿಕ್ಸನ್ ಡಬ್ಲ್ಯು800 ಫೋನಿಗೇ ವಾಕ್‌ಮನ್ ಹೆಸರು ಕೊಟ್ಟಿತು. ಆಮೇಲೆ ಅಗ್ಗದ ಫೋನುಗಳಲ್ಲೂ ಮೆಮೊರಿ ಕಾರ್ಡ್ ಬಂತು, ಕಾರ್ಡಿಗೆ ಹಾಡು ತುಂಬಿಸಿಕೊಡುವ ಅಂಗಡಿಗಳು ಬಂದವು. ಮಧ್ಯಮ ಬೆಲೆಯ ಪ್ಲೇಯರ್ ಕೊಳ್ಳುತ್ತಿದ್ದವರು ಅತ್ತ ಹೋದರು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದಾಗ ಹಾಡನ್ನು ಇಟ್ಟುಕೊಳ್ಳುವ ಅಭ್ಯಾಸವೇ ಸಡಿಲಾಯಿತು. ಇತ್ತ ಬಿಡಿಭಾಗಗಳೂ ಬತ್ತಿದವು. 2014ರಲ್ಲಿ 160 ಜಿಬಿಯ ಐಪಾಡ್ ಕ್ಲಾಸಿಕ್ ನಿಲ್ಲಿಸಿದಾಗ ಆ್ಯಪಲ್ ಮುಖ್ಯಸ್ಥ ಟಿಮ್ ಕುಕ್ ಕೊಟ್ಟ ಕಾರಣ, ಅದರ ಭಾಗಗಳು ಎಲ್ಲೂ ಸಿಗುತ್ತಿಲ್ಲ ಎಂಬುದು. ಉಳಿದಿದ್ದ ಐಪಾಡ್ ಟಚ್ 2022ರ ಮೇ ತಿಂಗಳಲ್ಲಿ ನಿಂತಿತು.

ಈಗ ಅಗ್ಗದ್ದನ್ನೇ ಕೊಳ್ಳಬೇಕಾಗಿ ಬಂದವರಿಗೆ ಮೊದಲ ತೊಂದರೆ ಕಾರ್ಡಿನದು. 32 ಜಿಬಿಗಿಂತ ದೊಡ್ಡ ಕಾರ್ಡುಗಳು ಫೈಲುಗಳನ್ನು ಇಡುವ ಎಕ್ಸ್‌ಫ್ಯಾಟ್ ಎಂಬ ಕ್ರಮದಲ್ಲಿ ಬರುತ್ತವೆ. ಈ ಪ್ಲೇಯರ್‌ಗಳಲ್ಲಿ ಹಲವು ಓದುವುದು ಫ್ಯಾಟ್32 ಎಂಬ ಹಳೆಯ ಕ್ರಮವನ್ನು ಮಾತ್ರ. ‘ಕಾರ್ಡ್ ಕೆಟ್ಟಿದೆ’ ಎಂದು ಹಿಂದಿರುಗಿಸುವ ಮೊದಲು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ ನೋಡಿ. ಅನುಮಾನದ ಕಾರ್ಡಾದರೆ ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶದಿಂದ ಪೂರ್ತಿ ತುಂಬಿಸಿ ಪರೀಕ್ಷಿಸಿ. ನಕಲಿ ಕಾರ್ಡು 64 ಜಿಬಿ ಎಂದು ತೋರಿಸಿದರೂ ಒಳಗಿನ ನಿಜವಾದ ಜಾಗ ಮುಗಿದ ಮೇಲೆ ಬರೆದದ್ದೆಲ್ಲ ಹಾಳು.

ಎರಡನೆಯದು ಅನುಕ್ರಮ. ಹಲವು ಅಗ್ಗದ ಪ್ಲೇಯರ್‌ಗಳು ಹೆಸರಿನ ಪ್ರಕಾರ ಜೋಡಿಸುವುದಿಲ್ಲ, ಕಾರ್ಡಿಗೆ ಯಾವುದು ಮೊದಲು ಹೋಯಿತೋ ಅದನ್ನೇ ಮೊದಲು ನುಡಿಸುತ್ತವೆ. ಫೈಲುಗಳಿಗೆ 01, 02 ಎಂದು ಹೆಸರಿಟ್ಟು, ಖಾಲಿ ಕಾರ್ಡಿಗೆ ಅದೇ ಸರದಿಯಲ್ಲಿ ಒಂದೊಂದಾಗಿ ಕಾಪಿ ಮಾಡಬೇಕು.

ಕನ್ನಡದ ಹೆಸರುಗಳ ಪಾಡು ನಿಜಕ್ಕೂ ನೋವಿನದು. ಇಂಥ ಯಂತ್ರಗಳಲ್ಲಿ ಕನ್ನಡ ಫಾಂಟ್ ಇರುವುದೇ ಅಪರೂಪ. ತೆರೆಯ ಮೇಲೆ ಬರಿಯ ಚೌಕಗಳು. ಫಾಂಟ್ ಇದ್ದರೂ ಸಾಲದು. ‘ಶ್ರೀ’ ಎಂಬ ಒಂದಕ್ಷರ ಕಂಪ್ಯೂಟರಿನ ಅಕ್ಷರ ಸಂಕೇತ ಪದ್ಧತಿಯಾದ ಯೂನಿಕೋಡ್‌ನಲ್ಲಿ ನಾಲ್ಕು ಸಂಕೇತಗಳ ಸಾಲು. ಅವನ್ನು ಕೂಡಿಸಿ ಒತ್ತಕ್ಷರ ಕಟ್ಟುವ ತಂತ್ರಾಂಶ ಬೇಕು. ಆಂಡ್ರಾಯ್ಡ್‌ನಲ್ಲಿ ಅದು ಸಹಜವಾಗಿಯೇ ಇದೆ. ಅಗ್ಗದ ಪ್ಲೇಯರಿಗೆ ಹಾಕುವಾಗ ಫೈಲಿನ ಹೆಸರನ್ನೂ ಒಳಗಿನ ಟ್ಯಾಗನ್ನೂ (ಹಾಡು, ಗಾಯಕರ ಹೆಸರಿನ ಮಾಹಿತಿ) ಇಂಗ್ಲಿಷ್ ಲಿಪಿಗೆ ಬದಲಿಸಿ, ಕನ್ನಡದ ಮೂಲ ಪ್ರತಿಯನ್ನು ಕಂಪ್ಯೂಟರಿನಲ್ಲಿ ಉಳಿಸಿಕೊಳ್ಳಿ.

ತಾಳಮದ್ದಳೆಯಂಥ ಮಾತಿನ ಧ್ವನಿಮುದ್ರಣಕ್ಕೆ 64 ಕೆಬಿಪಿಎಸ್ ಮೋನೊ (ಎರಡು ಕಿವಿಗೂ ಒಂದೇ ಧ್ವನಿ) ಸಾಕು: ತಾಸಿಗೆ ಸುಮಾರು 29 ಎಂಬಿ, ನಾಲ್ಕು ತಾಸಿಗೆ 115. ಸಂಗೀತಕ್ಕೆ 320 ಇಟ್ಟರೆ ತಾಸಿಗೆ 144. ನಿಲ್ಲಿಸಿದ ಜಾಗ ನೆನಪಿಡದ ಪ್ಲೇಯರ್ ಫೈಲಿನ ಮೊದಲಿಗೇ ಹೋಗುತ್ತದೆ, ಆದ್ದರಿಂದ ಉದ್ದದ ಪ್ರಸಂಗವನ್ನು ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ 20 ನಿಮಿಷದ ತುಂಡು ಮಾಡಿಟ್ಟರೆ ತಪ್ಪಿಹೋಗುವುದು ಹೆಚ್ಚೆಂದರೆ ಅಷ್ಟೇ. ಅಂಗಡಿಗೆ ಹೋಗುವಾಗ ಇಂಥ ಎರಡು ತುಂಡು, ಕನ್ನಡ ಹೆಸರಿನ ಒಂದು ಹಾಡು ಇರುವ ಕಾರ್ಡನ್ನು ಜೊತೆಗೇ ಒಯ್ಯಿರಿ. ನಡುವೆ ನಿಲ್ಲಿಸಿ, ಆಫ್ ಮಾಡಿ, ಮತ್ತೆ ಹಚ್ಚಿ. ಐದು ನಿಮಿಷ ಸಾಕು.

ಹಳೆಯ ಐಪಾಡ್ ಕೊಳ್ಳುವುದೂ ಒಂದು ದಾರಿ. 2005ರ ಐದನೆಯ ಪೀಳಿಗೆಯದು ತೆರೆಯಲು ಸುಲಭ. ಹಾರ್ಡ್‌ಡಿಸ್ಕ್ ತೆಗೆದು ಅಡಾಪ್ಟರ್ ಮೂಲಕ ಎಸ್‌ಡಿ ಕಾರ್ಡ್ ಕೂರಿಸಬಹುದು. ಆದರೆ ಹಿಂಬದಿಯ ತಗಡಿಗೂ ಮುಂಬದಿಗೂ ನಡುವೆ ಎರಡು ತೆಳು ರಿಬ್ಬನ್‌ಗಳಿವೆ, ಬ್ಯಾಟರಿಯದೊಂದು, ಹೆಡ್‌ಫೋನ್ ಜಾಕಿನದೊಂದು. ತೆರೆದವರು ಅವಸರದಲ್ಲಿ ಎಳೆದರೆ ಹರಿಯುವುದು ಅಲ್ಲೇ. ಮುಂಬದಿಯ ಅಂಚು ತಗಡಿನಿಂದ ಎದ್ದಂತೆ ಕಂಡರೆ ಒಳಗಿನ ಬ್ಯಾಟರಿ ಊದಿದೆ ಎಂದು ತಿಳಿದು, ಚಾರ್ಜಿಗೆ ಹಾಕದೆ ಮೊದಲು ಬ್ಯಾಟರಿ ಬದಲಿಸಬೇಕು.